ಇಂಜಿನಿಲ್ಲದ ಅಂಬಾಸಿಡರು

ಹಳೆಯ ಕಾರನ್ನು ಕೊಳ್ಳಹೊರಟವನಿಗೆ ಬುದ್ಧಿ ಹೇಳುವವರು ಓಣಿಗೆ ಹತ್ತು ಮಂದಿ ದೊರೆಯುತ್ತಾರೆ. ಇಂಜಿನೇ ಇಲ್ಲದ ಹಳೆಯ ಕಾರನ್ನು ಕೊಳ್ಳಹೊರಟವನಿಗೆ ಮಾತ್ರ ಯಾರೂ ಬುದ್ಧಿ ಹೇಳುವುದಿಲ್ಲ; ಮುಖ ನೋಡಿ ನಕ್ಕು ಸುಮ್ಮನಾಗುತ್ತಾರೆ. ಹೀಗೆ ನಗಿಸಿಕೊಂಡವರ ಸಾಲಿಗೆ ಈಚೆಗೆ ನಮ್ಮ ಶಾಲೆಯ ಗಣಿತದ ಮಾಸ್ತರರೂ ಸೇರಿದ್ದಾರೆ. ಬರಿಯ ಒಡಲನ್ನು ಕೊಂಡು, ಬೇರೊಂದು ಇಂಜಿನನ್ನು ಕೂಡಿಸಿ ಓಡಿಸಬೇಕೆಂಬುದು ಅವರ ಹಟ. ಅವರ ಜೊತೆಯಲ್ಲಿ ತಿರುಗಾಡಿ ನಾನು ಕಂಡದ್ದನ್ನೂ ವಿಚಾರಿಸಿ ತಿಳಿದದ್ದನ್ನೂ ಇಲ್ಲಿ ಹೇಳುತ್ತೇನೆ. ಓದುಗರಲ್ಲಿ ಯಾರಿಗಾದರೂ ಇಂಥದೇ ಹಂಬಲವಿದ್ದರೆ, ಮುಂಗಡ ಕೊಡುವ ಮುನ್ನ ಈ ಮಾತುಗಳು ಅವರ ಕಿವಿಗೆ ಬಿದ್ದಿರಲಿ.

ಮೊದಲು ಆ ವಾಹನದ ವಂಶವನ್ನು ಹೇಳಬೇಕು. ಏಕೆಂದರೆ ಮುಂದಿನ ವಿಚಾರವೆಲ್ಲ ವಂಶದ ಮೇಲೆಯೇ ನಿಂತಿದೆ. ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯು 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಹುಟ್ಟಿ, 1948ರಲ್ಲಿ ಕಲ್ಕತ್ತೆಯ ಬಳಿಯ ಉತ್ತರಪಾರಾಕ್ಕೆ ಬಂದು ನೆಲೆಸಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಅಲ್ಲಿ ತಯಾರಾದದ್ದೇ ಅಂಬಾಸಿಡರು. 1950ರ ದಶಕದ ಕೊನೆಯಲ್ಲಿ ರಸ್ತೆಗಿಳಿದ ಈ ಕಾರು 2014ರ ಮೇ ತಿಂಗಳಲ್ಲಿ ನಿಂತುಹೋಯಿತು. ಅಷ್ಟು ದೀರ್ಘಕಾಲ ಅದರ ಮೈಕಟ್ಟು ಹೆಚ್ಚೇನೂ ಬದಲಾಗಲಿಲ್ಲ. ಮೂತಿಯ ಜಾಲರಿ, ದೀಪ, ಒಳಗಿನ ಹಲಗೆ ಬದಲಾದವು, ಅಷ್ಟೆ. ಬದಲಾದದ್ದು ಇಂಜಿನು. ಮೊದಮೊದಲಿನ ಗಾಡಿಗಳಲ್ಲಿದ್ದ ಪಕ್ಕದ ಕವಾಟದ ಇಂಜಿನು ಹೋಗಿ, ನೆತ್ತಿಯಲ್ಲಿ ಕವಾಟಗಳುಳ್ಳ 1489 ಘನ ಸೆಂಟಿಮೀಟರಿನ ಬಿ.ಎಂ.ಸಿ. ವಂಶದ ಪೆಟ್ರೋಲ್ ಇಂಜಿನು ಬಂತು. ಇದೇ ವಂಶದ, ಇದೇ ಗಾತ್ರದ ಇಂಜಿನನ್ನು ಇಂಗ್ಲೆಂಡಿನವರು 1955ರಲ್ಲಿ ಎಂ.ಜಿ.ಎ. ಎಂಬ ತೆರೆದ ಮೈಯ ಓಟದ ಕಾರಿಗೂ ಕೂಡಿಸಿದ್ದರೆಂದು ಹೇಳಿದರೆ, ನಮ್ಮ ಊರಿನ ಅಂಬಾಸಿಡರುಗಳ ನಡಿಗೆಯನ್ನು ಬಲ್ಲವರು ನಂಬಲಾರರು. 1980ರ ಸುಮಾರಿಗೆ ಅಷ್ಟೇ ಗಾತ್ರದ ಡೀಸೆಲ್ ಇಂಜಿನು ಬಂತು. 1990ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಇಸುಜು ಕಂಪನಿಯ 1817 ಘನ ಸೆಂಟಿಮೀಟರಿನ ಇಂಜಿನನ್ನೂ ಐದು ಗೇರುಗಳ ಪೆಟ್ಟಿಗೆಯನ್ನೂ ಅದೇ ಹಳೆಯ ಒಡಲಿಗೆ ಕೂಡಿಸಿದರು. ಅಂದರೆ ಇಂಜಿನು ಬದಲಿಸುವ ಈ ಆಟವನ್ನು ಮೊದಲು ಆಡಿ ತೋರಿಸಿದವರು ಕಾರ್ಖಾನೆಯವರೇ. ನಮ್ಮ ಮಾಸ್ತರರಿಗೆ ಧೈರ್ಯ ಬಂದದ್ದೂ ಇದರಿಂದಲೇ.

ಒಡಲು ಇದ್ದದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು, ಮಹಾಗಾಂವ್ ಕ್ರಾಸ್ ದಾಟಿ, ಸುಮಾರು 35 ಕಿಲೋಮೀಟರು ಹೋದರೆ ಸಿಗುವ ಈ ಊರನ್ನು ಕೆಂಪು ಬಾಳೆಯ ಹಣ್ಣಿನಿಂದ ಎಲ್ಲರೂ ಬಲ್ಲರು. ಕಾಗದಪತ್ರ ಓದಲು ಒಬ್ಬನಿರಲಿ ಎಂದು ಕನ್ನಡ ಪಂಡಿತನಾದ ನನ್ನನ್ನೂ, ಕಬ್ಬಿಣ ನೋಡಲು ಒಬ್ಬನಿರಲಿ ಎಂದು, ನಮ್ಮಲ್ಲಿಯೇ ಓದಿ ಈಗ ಕಪನೂರಿನ ಕಡೆ ಗ್ಯಾರೇಜು ಇಟ್ಟಿರುವ ಹಳೆಯ ವಿದ್ಯಾರ್ಥಿಯೊಬ್ಬನನ್ನೂ ಮಾಸ್ತರರು ಕರೆದೊಯ್ದರು. ತೋಟದ ಅಂಚಿನ ತಗಡಿನ ಛಾವಣಿಯ ಕೆಳಗೆ, ನಾಲ್ಕು ಚಕ್ರಗಳ ಗಾಳಿ ಹೋಗಿ, ಮೂತಿಯನ್ನು ಮಾತ್ರ ಮೇಲೆತ್ತಿಕೊಂಡು ಕಾರು ನಿಂತಿತ್ತು. ಮುಂಭಾಗದ ಭಾರವನ್ನು ಹೊರುವ ತಿರುಚು ಸಲಾಕೆಗಳ ಮೇಲೆ ಇಂಜಿನಿನ ತೂಕವಿಲ್ಲದ್ದರಿಂದ ಹಾಗೆ ಮೇಲೆದ್ದಿತ್ತು. ಇಂಜಿನಿಲ್ಲದ ಕಾರು ದೂರದಿಂದ ನೋಡಿದರೆ ಸೊಕ್ಕಿದಂತೆ ಕಾಣುತ್ತದೆ. ಆ ನಿಲುವನ್ನು ನೋಡಿ ಸಲಾಕೆಗಳು ಗಟ್ಟಿಯಾಗಿವೆಯೆಂದು ತಿಳಿಯಕೂಡದು. ತೂಕ ಬಿದ್ದ ಮೇಲೆಯೇ ಅವುಗಳ ಬಣ್ಣ ಬಯಲಾಗುವುದು.

ಕಾರಿನ ಒಡತಿ ಎಂಬತ್ತರ ಸಮೀಪದ ಮುದುಕಿ. ಗಂಡ ಗಂಜಿನಲ್ಲಿ ಕಾಳಿನ ವ್ಯಾಪಾರ ಮಾಡಿದವರು. 1972ರಲ್ಲಿ ಹೊಸದಾಗಿ ಕೊಂಡ ಗಾಡಿ. “ಇಂಜಿನ್ ಒಂದೇ ಇಲ್ಲ ನೋಡ್ರಿ, ಉಳದದ್ದು ಎಲ್ಲಾ ಅದ” ಎಂದರು. ಆ ತಾಯಿ ಸುಳ್ಳು ಹೇಳಿದವರಲ್ಲ. ಆದರೆ ಓದುಗರು ಈ ಒಂದು ಮಾತನ್ನು ಎಲ್ಲಿ ಕೇಳಿದರೂ ಕಿವಿ ನಿಮಿರಿಸಬೇಕು. ಇಂಜಿನು ಒಂದೇ ಇಲ್ಲದ ಕಾರು ಲೋಕದಲ್ಲಿ ಎಲ್ಲಿಯೂ ಇಲ್ಲ. ಇಂಜಿನು ಹೋಗುವಾಗ ಒಂಟಿಯಾಗಿ ಹೋಗುವುದಿಲ್ಲ. ಮದುವೆಯ ದಿಬ್ಬಣದಂತೆ ಪರಿವಾರದೊಡನೆ ಹೋಗುತ್ತದೆ. ನಮ್ಮ ಹುಡುಗ ಬಾನೆಟ್ಟು ಎತ್ತಿ ಎಣಿಸತೊಡಗಿದ. ರೇಡಿಯೇಟರು ಇಲ್ಲ. ಸ್ಟಾರ್ಟರು ಇಲ್ಲ, ಡೈನಮೋ ಇಲ್ಲ. ಕಾರ್ಬುರೇಟರೂ ಅದಕ್ಕೆ ಹೋಗುವ ಸರಳುಗಳೂ ಇಲ್ಲ. ಕ್ಲಚ್ಚು ಮತ್ತು ಅದರ ಗಂಟೆಯಾಕಾರದ ಹೊದಿಕೆ ಇಲ್ಲ. ಗೇರುಪೆಟ್ಟಿಗೆ ಇತ್ತು, ಆದರೆ ಸ್ಟಿಯರಿಂಗಿನ ಕಂಬದಿಂದ ಅದಕ್ಕೆ ಬರುವ ಕೊಂಡಿಗಳಲ್ಲಿ ಒಂದು ಇರಲಿಲ್ಲ. ಇಂಜಿನನ್ನು ಹೊರುವ ರಬ್ಬರಿನ ದಿಂಬುಗಳು, ಹೊಗೆಯ ಕೊಳವೆ, ತಂತಿಗಳ ಅರ್ಧ ಜಡೆ, ಇವು ಯಾವುವೂ ಇಲ್ಲ. ಇವುಗಳಲ್ಲಿ ಒಂದೊಂದೂ ಸಣ್ಣ ವಸ್ತು. ಆದರೆ ತಯಾರಿಕೆ ನಿಂತ ಗಾಡಿಯ ಸಣ್ಣ ವಸ್ತುವನ್ನು ಒಂದೊಂದಾಗಿ ಹುಡುಕಿ ಕೊಳ್ಳುವವನ ಪಾಡು, ಒಂದು ಸೇರು ಅಕ್ಕಿಯನ್ನು ಕಾಳಿನ ಲೆಕ್ಕದಲ್ಲಿ ಕೊಳ್ಳುವವನ ಪಾಡು. ಮಾಸ್ತರರು ಗಣಿತದವರಾದ್ದರಿಂದ ಅಲ್ಲಿಯೇ ಒಂದು ಹಾಳೆಯಲ್ಲಿ ಇಲ್ಲದ್ದರ ಪಟ್ಟಿ ಬರೆದರು. ಇರುವುದನ್ನು ಯಾರೂ ಬರೆದುಕೊಳ್ಳಬೇಕಾಗಿಲ್ಲ. ಅದು ಕಣ್ಣಿಗೆ ಕಾಣುತ್ತದೆ. ಬೆಲೆ ಕಟ್ಟಬೇಕಾದದ್ದು ಇಲ್ಲದ್ದರ ಪಟ್ಟಿಯಿಂದ.

ಇನ್ನು ಕಬ್ಬಿಣದ ಮಾತು. ಅಂಬಾಸಿಡರಿಗೆ ಲಾರಿಗಿರುವಂತೆ ಬೇರೆ ಚಾಸಿಯ ಚೌಕಟ್ಟಿಲ್ಲ. ನೆಲ, ಗೋಡೆ, ಛಾವಣಿಗಳೆಲ್ಲ ಕೂಡಿಯೇ ಬೆನ್ನೆಲುಬು. ಆದಕಾರಣ ಇದರಲ್ಲಿ ತುಕ್ಕು ಎಂಬುದು ಬರಿಯ ಚರ್ಮರೋಗವಲ್ಲ, ಮೂಳೆಯ ರೋಗ. ನಮ್ಮ ಸೀಮೆಗೆ ಒಂದು ಅನುಕೂಲವುಂಟು: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಒಣ ಹವೆ, ಸಮುದ್ರದ ಉಪ್ಪುಗಾಳಿ ಇಲ್ಲ. ಮಂಗಳೂರಿನ ಕಡೆ ಇಷ್ಟು ಕಾಲ ನಿಂತ ಒಡಲಿಗಿಂತ ಕಲಬುರಗಿಯ ಕಡೆ ನಿಂತ ಒಡಲು ಮೇಲೆಂದು ನಂಬಬಹುದು. ಆದರೆ ಕೆಳಗೆ ಎರೆಮಣ್ಣಿದ್ದರೆ ಈ ಅನುಕೂಲ ಅರ್ಧವಾಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಹೀರಿದ ನೀರನ್ನು ಬೇಗ ಬಿಡುವುದಿಲ್ಲ. ಗಾಡಿಯ ಹೊಟ್ಟೆ ತಿಂಗಳುಗಟ್ಟಲೆ ಆ ತೇವದ ಉಸಿರಿನಲ್ಲಿ ನಿಲ್ಲುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುವಾಗಲೇ ಬಾಗಿಲಿನ ಕೆಳಗಿನ ಹೊಸ್ತಿಲು ಪಟ್ಟಿಗಳು ಒಳಗಿಂದ ಕರಗಿರುತ್ತವೆ.

ನಮ್ಮ ಹುಡುಗನ ಪರೀಕ್ಷೆಯ ಕ್ರಮ ನನಗೆ ಮೆಚ್ಚಿಕೆಯಾಯಿತು. ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮೈಮೇಲೆಲ್ಲ ಆಡಿಸಿದ. ಅದು ಅಂಟದ ಕಡೆ ಕಬ್ಬಿಣವಿಲ್ಲ, ಮೆತ್ತಿದ ಲೇಪವಿದೆ. ಸಂತೆಯಲ್ಲಿ ಗಡಿಗೆ ಕೊಳ್ಳುವವರಂತೆ ಬೆರಳಿನ ಗೆಣ್ಣಿನಿಂದ ತಟ್ಟಿ ದನಿ ಕೇಳಿದ. ಬಳಿಕ ಹೊಸ್ತಿಲ ಪಟ್ಟಿಗೆ ಜಾಕು ಕೊಟ್ಟು ತುಸು ಎತ್ತಿ, ಬಾಗಿಲು ತೆರೆದು ಹಾಕಿ ನೋಡಿದ. ಎತ್ತಿದಾಗ ಬಾಗಿಲು ಬಿಗಿಯಾದರೆ ಒಡಲಿನ ನಡು ಬಾಗುತ್ತಿದೆಯೆಂದು ಅರ್ಥ. ಇಲ್ಲಿ ಎಡಬದಿಯ ಹಿಂಬಾಗಿಲು ತುಸು ಬಿಗಿಯಿತು, ಉಳಿದ ಮೂರು ಸಲೀಸಾಗಿ ಬಿದ್ದವು. ಕಾಲಿಡುವ ನೆಲದಲ್ಲಿ ಪೆಡಲುಗಳ ಕೆಳಗೆ ಅಂಗೈಯಗಲದ ತೂತು. ಹಿಂದಿನ ಪಟ್ಟಾ ಸ್ಪ್ರಿಂಗುಗಳ ಕೊಂಡಿಯ ಸ್ಥಾನ ಗಟ್ಟಿ. ತಿರುಚು ಸಲಾಕೆಗಳ ಹಿಂದಿನ ತುದಿ ಕಚ್ಚಿಕೊಂಡಿರುವ ಜಾಗವೂ ಗಟ್ಟಿ. ಈ ಕೊನೆಯ ಎರಡು ಜಾಗಗಳು ಹೋಗಿದ್ದರೆ ಎದ್ದು ಮನೆಗೆ ಬನ್ನಿ ಎಂಬುದು ಅವನ ಸಲಹೆ. ತೂತಿಗೆ ತಗಡು ಹಚ್ಚಬಹುದು, ಭಾರ ಹೊರುವ ಸಂದುಗಳಿಗೆ ತೇಪೆ ನಿಲ್ಲದು.

ಈಗ ನನ್ನ ಪಾಲಿನ ಕೆಲಸಕ್ಕೆ ಬಂದೆ. ತಾಯಿ ಒಳಗಿನಿಂದ ಒಂದು ಬಟ್ಟೆಯ ಚೀಲ ತಂದುಕೊಟ್ಟರು. ಅದರಲ್ಲಿ ಹಳೆಯ ನೋಂದಣಿ ಪುಸ್ತಕ. ಮೇಲೆ ಮೈಸೂರು ರಾಜ್ಯ ಎಂದೇ ಅಚ್ಚಾಗಿತ್ತು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1ರಂದು. ಊರು ಗುಲ್ಬರ್ಗ; ಕಲಬುರಗಿ ಎಂಬ ಹೆಸರು ಸರಕಾರಿ ಕಾಗದಕ್ಕೆ ಬರಲು 2014ರ ನವೆಂಬರ್ 1ರವರೆಗೆ ಕಾಯಬೇಕಾಯಿತು. ಓದುವಾಗ ಕಾರಿಗಿಂತ ಪುಸ್ತಕಕ್ಕೆ ಹೆಚ್ಚು ವಯಸ್ಸಾದಂತೆ ತೋರಿತು. ನಾನು ನೋಡಬೇಕಾಗಿದ್ದುದು ಮೂರು ಸಂಗತಿ. ಪುಸ್ತಕದಲ್ಲಿರುವ ಚಾಸಿಯ ಅಂಕಿ ಒಡಲಿನ ಮೇಲಿನ ಅಂಕಿಗೆ ಒಂದಕ್ಷರ ತಪ್ಪದೆ ಹೊಂದುತ್ತದೆಯೇ? ಹೊಂದಿತು. ಬ್ಯಾಂಕಿನ ಸಾಲದ ಅಡವು ಏನಾದರೂ ಉಳಿದಿದೆಯೇ? ಒಂದು ನಮೂದು ಇತ್ತು, ಆದರೆ ತೀರುವಳಿಯ ಮೊಹರೂ ಅದರ ಕೆಳಗಿತ್ತು. ಈ ಮೊಹರಿಲ್ಲದ ಹಳೆಯ ನಮೂದು ಸಾಲ ತೀರಿ ಎಷ್ಟೋ ವರ್ಷವಾದ ಮೇಲೂ ಕೊಳ್ಳುವವನ ಕಾಲಿಗೆ ತೊಡರುತ್ತದೆ. ಮೂರನೆಯದು ಒಡೆತನ. ಪುಸ್ತಕ ತೀರಿಹೋದ ಯಜಮಾನರ ಹೆಸರಿನಲ್ಲಿಯೇ ಇತ್ತು. ಸತ್ತವರ ಹೆಸರಿನಿಂದ ನೇರವಾಗಿ ಕೊಳ್ಳುವವನ ಹೆಸರಿಗೆ ವಾಹನ ಬರುವುದಿಲ್ಲ. ಮೊದಲು 31ನೆಯ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ಬಂದು, ಆಮೇಲೆ 29 ಮತ್ತು 30ನೆಯ ನಮೂನೆಗಳಲ್ಲಿ ಮಾರಾಟ ನಡೆಯಬೇಕು. ಮಾಸ್ತರರು ಅಂದೇ ಹಣ ಕೊಟ್ಟುಬಿಡುವ ಆತುರದಲ್ಲಿದ್ದರು. ಕಾಲುಭಾಗ ಕೊಟ್ಟು, ಉಳಿದದ್ದು ಹೆಸರು ಬದಲಾದ ದಿನ ಎಂದು ನಾನೇ ಒಪ್ಪಂದ ಬರೆದೆ.

ನಾಲ್ಕನೆಯ ಸಂಗತಿಯೊಂದಿದೆ, ಅದನ್ನು ಬಹಳ ಮಂದಿ ಕೇಳುವುದೇ ಇಲ್ಲ: ಹೋದ ಇಂಜಿನು ಎಲ್ಲಿಗೆ ಹೋಯಿತು? ಪುಸ್ತಕದಲ್ಲಿ ಅದರ ಅಂಕಿ ಇನ್ನೂ ಜೀವಂತವಾಗಿದೆ. ಆ ಅಂಕಿಯ ಇಂಜಿನು ಬೇರೆ ಯಾವುದೋ ಗಾಡಿಯಲ್ಲಿ ಕುಳಿತು ಏನೋ ಅನಾಹುತಕ್ಕೆ ಸಿಕ್ಕಿಕೊಂಡರೆ ವಿಚಾರಣೆ ಪುಸ್ತಕ ಇರುವ ಮನೆಯ ಬಾಗಿಲಿಗೆ ಬರುತ್ತದೆ. ಇಲ್ಲಿ ಯಜಮಾನರು ಸಿಲಿಂಡರು ಕೊರೆಸಲೆಂದು ಇಂಜಿನನ್ನು ಇಳಿಸಿ ಗ್ಯಾರೇಜೊಂದಕ್ಕೆ ಕಳುಹಿಸಿದ್ದರಂತೆ. ಗ್ಯಾರೇಜು ಮುಚ್ಚಿತು, ಯಜಮಾನರು ಹಾಸಿಗೆ ಹಿಡಿದರು, ಇಂಜಿನು ಮರಳಲಿಲ್ಲ. ಇದನ್ನೆಲ್ಲ ಅವರ ಮಾತಿನಲ್ಲಿಯೇ ಒಂದು ಹೇಳಿಕೆಯಾಗಿ ಬರೆಸಿ ಸಹಿ ಪಡೆದೆವು.

ಇನ್ನು ಯಾವ ಇಂಜಿನು ಕೂಡಿಸಬೇಕು? ಮಾಸ್ತರರ ಮನಸ್ಸು ಇಸುಜುವಿನ ಮೇಲಿತ್ತು. ಅವರ ಅಳಿಯ ಯಾವುದಾದರೂ ಹಳೆಯ ವ್ಯಾನಿನ ಡೀಸೆಲ್ ಇಂಜಿನು ಹಾಕಿ ಎನ್ನುತ್ತಿದ್ದ. ನನಗೆ ಯಂತ್ರಶಾಸ್ತ್ರ ತಿಳಿಯದು. ಆದರೆ ವ್ಯಾಕರಣದಲ್ಲಿ ನಾವು ಮಕ್ಕಳಿಗೆ ಆದೇಶ ಸಂಧಿಯನ್ನು ಕಲಿಸುತ್ತೇವಲ್ಲ, ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಬಂದು ಕೂರುವುದು, ಅದು ನೆನಪಾಯಿತು. ಮಳೆ ಮತ್ತು ಕಾಲ ಸೇರಿದಾಗ ಕಕಾರ ಹೋಗಿ ಗಕಾರ ಬರುತ್ತದೆ. ದಕಾರವಾಗಲಿ ಬಕಾರವಾಗಲಿ ಬರುವುದಿಲ್ಲ. ಇಲ್ಲಿ ಬಂದ ಅಕ್ಷರ ಹೋದ ಅಕ್ಷರದ ವರ್ಗದ್ದೇ. ಇದನ್ನು ಹೇಳಿದಾಗ ಮಾಸ್ತರರು ನಕ್ಕರು, ಹುಡುಗ ನಗಲಿಲ್ಲ. “ಸರ್ ಹೇಳೋದು ಖರೆ ಅದ. ಡೀಸೆಲ್ ಹಾಕಿದ್ರ ಮೂತಿ ಭಾರ ಆಗ್ತದ, ಸಲಾಕಿ ಕೂತು ಬಿಡ್ತಾವ” ಎಂದ.

ಅವನು ಬಿಡಿಸಿ ಹೇಳಿದ್ದು ಹೀಗಿದೆ. 1972ರ ಈ ಎರಡನೆಯ ಮಾದರಿಯ ಒಡಲಿಗೆ 1489ರ ಇಂಜಿನು ಹುಟ್ಟಿನ ಸಂಗಾತಿ. ಅದೇ ಇಂಜಿನು ಮುಂದೆಯೂ ಅನೇಕ ವರ್ಷ ತಯಾರಾದ್ದರಿಂದ, ತೀರ ಈಚಿನ ಅಂಬಾಸಿಡರಿನಿಂದ ಇಳಿಸಿದ್ದನ್ನೂ ಇದಕ್ಕೆ ಕೂಡಿಸಬಹುದು. ದಿಂಬಿನ ಸ್ಥಾನ, ಗೇರುಪೆಟ್ಟಿಗೆಯ ಮುಖ, ಪೆಡಲಿನ ಕೊಂಡಿ, ಎಲ್ಲಿಯೂ ಗರಗಸದ ಕೆಲಸವಿಲ್ಲ. ಇಸುಜುವಾದರೆ ಐದು ಗೇರಿನ ಪೆಟ್ಟಿಗೆಗಾಗಿ ನೆಲದಲ್ಲಿ ರಂಧ್ರ ಕೊರೆಯಬೇಕು, ಚಾಲಕ ದಂಡವನ್ನು ಅಳೆದು ಬೇರೆ ಮಾಡಿಸಬೇಕು, ಹೊಸ ಆಸರೆಗಳನ್ನು ಬೆಸೆಯಬೇಕು. ಶಕ್ತಿ ಹೆಚ್ಚಿದಷ್ಟೂ ನಿಲ್ಲಿಸುವ ಬಲವೂ ಹೆಚ್ಚಬೇಕು. ಈ ಗಾಡಿಯ ನಾಲ್ಕು ಚಕ್ರಗಳಲ್ಲಿಯೂ ಡ್ರಮ್ಮಿನ ಬ್ರೇಕು. ಓಡಿಸುವ ಆಸೆಯಲ್ಲಿ ನಿಲ್ಲಿಸುವುದನ್ನು ಮರೆಯುವವರು ಬಹಳ. ವಿದ್ಯುತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು: ಆ ಕಾಲದ ಬ್ರಿಟಿಷ್ ವಂಶದ ಅನೇಕ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಮೈಗೆ ಕಟ್ಟುತ್ತಿದ್ದರು, ಈಚಿನ ಇಂಜಿನುಗಳಲ್ಲಿ ಋಣ ತುದಿಯನ್ನು ಕಟ್ಟುತ್ತಾರೆ. ನೋಡದೆ ಜೋಡಿಸಿದರೆ ಆಲ್ಟರ್ನೇಟರು ಕ್ಷಣದಲ್ಲಿ ಸುಡುತ್ತದೆ. ಕಲಬುರಗಿಯ ಮೇ ತಿಂಗಳಿಗೆ ರೇಡಿಯೇಟರು ಒಂದು ಸುತ್ತು ದೊಡ್ಡದಿದ್ದರೂ ನಷ್ಟವಿಲ್ಲ.

ಕಾನೂನು ಕೂಡ ವರ್ಗದ ಮಾತನ್ನೇ ಆಡುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ಮೊದಲು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಇಂಜಿನು ಬದಲಾದರೆ ಅದನ್ನು ನೋಂದಣಿ ಅಧಿಕಾರಿಗೆ 14 ದಿನಗಳೊಳಗೆ ತಿಳಿಸಿ ಪುಸ್ತಕದಲ್ಲಿ ನಮೂದು ಮಾಡಿಸಬೇಕು. ಮೊದಲೇ ಕೇಳಿ ಅನುಮತಿ ಪಡೆದು ಕೈಹಾಕುವುದು ಇನ್ನೂ ಕ್ಷೇಮ. ಹಳೆಯ ಇಂಜಿನನ್ನು ಗುಜರಿಯಿಂದ ತಂದರೆ ಯಾವ ಗಾಡಿಯದು, ಯಾರು ಮಾರಿದರು ಎಂಬ ರಸೀದಿ ಬೇಕೇ ಬೇಕು. ಅಂಕಿ ಉಜ್ಜಿದ ಬ್ಲಾಕನ್ನು ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಇನ್ನೊಂದು ದಾರಿಯೂ ಇದೆ. 2021ರ ಜುಲೈ ತಿಂಗಳಲ್ಲಿ ಬಂದ ಕೇಂದ್ರದ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನವನ್ನು ಪ್ರಾಚೀನ ವಾಹನವೆಂದು ಬೇರೆಯಾಗಿ ನೋಂದಾಯಿಸಬಹುದು; ಅಂಕಿಯ ಹಲಗೆಯಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿ ಎ’ ಎಂದು ಬರುತ್ತದೆ. ನಮ್ಮ 1972ರ ಗಾಡಿಗೆ ವಯಸ್ಸಿನ ಅರ್ಹತೆ ಇದೆ. ಆದರೆ ಚಾಸಿ, ಒಡಲು, ಇಂಜಿನುಗಳಲ್ಲಿ ದೊಡ್ಡ ಮಾರ್ಪಾಟಾಗದೆ ಮೂಲ ರೂಪದಲ್ಲಿರಬೇಕೆಂಬುದು ಷರತ್ತು. ಇಸುಜು ಕೂಡಿಸಿದ ದಿನವೇ ಈ ಬಾಗಿಲು ಮುಚ್ಚುತ್ತದೆ. 1489 ಕೂಡಿಸಿದರೆ ಸಮಿತಿಯ ಮುಂದೆ ನಿಂತು ವಾದಿಸಲು ಒಂದು ನೆಲೆಯಾದರೂ ಉಳಿಯುತ್ತದೆ. ಅಲ್ಲದೆ ಹೀಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನ, ಪ್ರಾಚೀನ ವಾಹನಗಳ ಯಾತ್ರೆ, ದುರಸ್ತಿ ಮುಂತಾದ್ದಕ್ಕೆ ಹೊರತು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಮಾಸ್ತರರ ಆಸೆಯೋ, ಹುಣ್ಣಿಮೆಗೊಮ್ಮೆ ಮನೆಯವರನ್ನು ಕೂರಿಸಿಕೊಂಡು ಗಾಣಗಾಪುರಕ್ಕೆ ಹೋಗಿಬರುವುದು. ಅದಕ್ಕೆ ಮಾಮೂಲು ನೋಂದಣಿಯೇ ಬೇಕು, ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಎರಡನ್ನೂ ತೂಗಿ ನೋಡಿ, ಗಾಣಗಾಪುರವೇ ಇರಲಿ ಎಂದರು. ನನಗೂ ಅದು ಸರಿಯೆನ್ನಿಸಿತು. ಹೊದಿಕೆ ಹೊದಿಸಿ ಇಡುವುದಕ್ಕೆಂದು ಇಷ್ಟು ಪಾಡು ಏಕೆ?

ಬೆಲೆಯ ಮಾತು ಉಳಿಯಿತು. ಗುಜರಿಯವನು ತೂಕದ ಲೆಕ್ಕದಲ್ಲಿ 24,000 ರೂಪಾಯಿಗೆ ಕೇಳಿಹೋಗಿದ್ದನಂತೆ. ಮಾಸ್ತರರು ಇಲ್ಲದ್ದರ ಪಟ್ಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ 38,000 ಎಂದರು. ತಾಯಿ ಚೌಕಾಸಿ ಮಾಡಲಿಲ್ಲ. “ಇದರಾಗ ಊರಿನ ಮದುವಿ ಎಷ್ಟು ಆಗ್ಯಾವಂತ ಲೆಕ್ಕ ಇಲ್ರಿ. ಒಡ್ಯಾವ್ರಿಗೆ ಕೊಡಬಾರದಂತ ಇಷ್ಟು ದಿನ ಇಟ್ಟೀನಿ” ಎಂದು ಒಳಗೆ ಹೋಗಿ, ಬಾಗಿಲ ಸಂದಿನಲ್ಲಿಟ್ಟಿದ್ದ ಕಬ್ಬಿಣದ ಉದ್ದನೆಯ ಕೈಸಲಾಕೆಯನ್ನು ತಂದುಕೊಟ್ಟರು. ಮುಂದಿನ ಬಂಪರಿನ ತೂತಿನಿಂದ ತೂರಿಸಿ, ತಿರುವಿ ಇಂಜಿನು ಚಾಲೂ ಮಾಡುವ ಹ್ಯಾಂಡಲು ಅದು. ಇದು ಇಸುಜುವಿಗೆ ಆಗುತ್ತದೆಯೇ ಎಂದು ಮಾಸ್ತರರು ಹುಡುಗನನ್ನು ಕೇಳಿದರು. ಆಗುವುದಿಲ್ಲ ಎಂದ. ಮಾಸ್ತರರು ಅಲ್ಲಿ ಏನೂ ಹೇಳಲಿಲ್ಲ. ಮರುದಿನದಿಂದ 1489ರ ಬ್ಲಾಕನ್ನು ಹುಡುಕತೊಡಗಿದರು.

ಹೆಸರು ಬದಲಾಗಲು ಸುಮಾರು ಎರಡು ತಿಂಗಳು ಹಿಡಿಯಿತು. ಆಮೇಲೆಯೇ ಒಡಲನ್ನು ತಂದದ್ದು. ಹಗ್ಗ ಕಟ್ಟಿ ಎಳೆಸಲಿಲ್ಲ, ಬ್ರೇಕಿಲ್ಲದ ಗಾಡಿಯನ್ನು ಹೆದ್ದಾರಿಯಲ್ಲಿ ಎಳೆಸುವುದು ಪ್ರಾಣಕ್ಕೆ ಸಂಚಕಾರ, ಲಾರಿಯ ಮೇಲೆ ಏರಿಸಿ ತಂದರು. ಗ್ಯಾರೇಜಿನ ನೆಲಕ್ಕೆ ಶಹಾಬಾದಿನ ಹಾಸುಗಲ್ಲು. ಕೆಳಗೆ ಮಣ್ಣು ಸಡಿಲವಿದ್ದರೆ ಜಾಕಿನ ಒಂದೇ ಕಾಲಿನ ಭಾರಕ್ಕೆ ಆ ಕಲ್ಲು ಬಿರಿಯುತ್ತದೆಂದು ದಪ್ಪ ಹಲಗೆಗಳನ್ನು ಹಾಸಿ ಮೇಲೆತ್ತಿ ನಿಲ್ಲಿಸಿದ್ದಾರೆ. ನೆಲದ ತೂತಿಗೆ ತಗಡು ಬೆಸೆದದ್ದಾಗಿದೆ. ಬ್ಲಾಕು ರಸೀದಿಯೊಡನೆ ಸಿಕ್ಕಿದೆ, ಸಿಲಿಂಡರು ಕೊರೆಸಬೇಕು. ಇಂಜಿನು ಬದಲಿಸುವ ಅನುಮತಿಗೆ ಅರ್ಜಿ ಹೋಗಿದೆ. ಅದನ್ನು ಬರೆದುಕೊಟ್ಟವನು ನಾನೇ. ಉತ್ತರ ಬರುವವರೆಗೆ ಬ್ಲಾಕು ಮರದ ದಿಮ್ಮಿಗಳ ಮೇಲೆ ಕುಳಿತಿದೆ, ಅದರ ಅಂಕಿಯ ಮೇಲೆ ತುಕ್ಕು ಹತ್ತದಂತೆ ಹುಡುಗ ವಾರಕ್ಕೊಮ್ಮೆ ಎಣ್ಣೆಯ ಬಟ್ಟೆ ಆಡಿಸುತ್ತಾನೆ.